ಚಂದ್ರದ್ರೋಣದ ಕಣಿವೆಗೆ ಯಾವ ಮಳೆಯಲ್ಲಿ ಹೋಗಬೇಕು?



ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟದ ರಸ್ತೆಯ ಮಗ್ಗುಲಲ್ಲಿ ಬಿಳೇಕಹಳ್ಳಿ ಎಂಬ ಊರುಂಟು. ಈಗ ಅದನ್ನು ಊರೆಂದು ಕರೆಯುವುದು ಹೆಸರಿನ ಮಟ್ಟಿಗೆ ಮಾತ್ರ ಸಲ್ಲುವ ಮಾತು. ನಗರವು ಅದನ್ನು ನುಂಗಿ ಬಹುಕಾಲವಾಯಿತು. ೧೯೭೩ರಲ್ಲಿ ಸ್ಥಾಪಿತವಾದ ಭಾರತೀಯ ಆಡಳಿತ ವಿದ್ಯಾಸಂಸ್ಥೆಯು ತನ್ನ ಕಲ್ಲುಗೋಡೆಗಳ ಮಂದಿರಗಳನ್ನು ಅಲ್ಲಿಯೇ ಕಟ್ಟಿಕೊಂಡಿತು; ಅದರ ಸುತ್ತ ನಾನಾ ದೇಶದ, ನಾನಾ ಭಾಷೆಯ ವಿದ್ಯಾವಂತರು ಬಂದು ನೆಲಸಿದರು. ಇವರಿಗೆಲ್ಲ ಸಾಮಾನ್ಯವಾದ ಒಂದು ಅಭ್ಯಾಸವನ್ನು ನಾವು ಕಂಡಿದ್ದೇವೆ. ಶುಕ್ರವಾರದ ಸಂಜೆ ಕೆಲಸ ಮುಗಿಯಿತೆಂದರೆ ಮನಸ್ಸು ಪಶ್ಚಿಮಕ್ಕೆ ತಿರುಗುತ್ತದೆ. ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋಗಬೇಕು, ಮಂಜನ್ನು ನೋಡಬೇಕು, ಭಾನುವಾರ ರಾತ್ರಿಗೆ ಮನೆ ಸೇರಬೇಕು. ಯಾವಾಗ ಹೋದರೆ ಚೆನ್ನೆಂದು ಕೇಳಿದರೆ ಬರುವ ಉತ್ತರ ಒಂದೇ: ರಜ ಸಿಕ್ಕಿದಾಗ. ಈ ಉತ್ತರವು ಪೂರ್ಣವಾಗಿ ಸರಿಯಲ್ಲವೆಂಬುದೇ ಇಂದಿನ ನಮ್ಮ ಭಾಷಣದ ವಿಷಯ.

ಮೊದಲು ಸ್ಥಳದ ಪರಿಚಯವನ್ನು ಮಾಡಿಕೊಳ್ಳೋಣ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಎಂದು ನಾವು ಬೇರೆ ಬೇರೆ ಹೆಸರಿನಿಂದ ಕರೆಯುವುದೆಲ್ಲ ವಾಸ್ತವವಾಗಿ ಒಂದೇ ಪರ್ವತಪಂಕ್ತಿ. ಅದಕ್ಕೆ ಚಂದ್ರದ್ರೋಣವೆಂಬುದು ಹಳೆಯ ಹೆಸರು. ನಕ್ಷೆಯನ್ನು ತೆರೆದು ನೋಡಿದವರಿಗೆ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ. ಕುದುರೆಯ ಲಾಳದಂತೆ, ಇಲ್ಲವೆ ಬಿದಿಗೆಯ ಚಂದ್ರನಂತೆ ಈ ಪಂಕ್ತಿಯು ಬಾಗಿಕೊಂಡಿದೆ. ಲಾಳದ ಬಾಯಿ ವಾಯವ್ಯಕ್ಕೆ ತೆರೆದಿದೆ. ದಕ್ಷಿಣದ ಕಡೆ ಮುಳ್ಳಯ್ಯನಗಿರಿ ನಿಂತಿದೆ. ಸುಮಾರು ೧,೯೩೦ ಮೀಟರು, ಎಂದರೆ ೬,೩೦೦ ಅಡಿಗೂ ಮಿಕ್ಕ ಎತ್ತರ; ಕರ್ನಾಟಕದಲ್ಲಿ ಇದಕ್ಕಿಂತ ಎತ್ತರವಾದ ನೆಲವಿಲ್ಲ. ಉತ್ತರದ ಕಡೆ ಕೆಮ್ಮಣ್ಣುಗುಂಡಿ ಮತ್ತು ಕಲ್ಹತ್ತಿಗಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬಿಡಾರವಾಗಿದ್ದ ಕೆಮ್ಮಣ್ಣುಗುಂಡಿಯಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಳಿದು ಹೋಗುತ್ತಿತ್ತು. ಮಣ್ಣು ಕೆಂಪಾಗಿರುವುದಕ್ಕೂ ಊರಿನ ಹೆಸರಿಗೂ ಆ ಕಬ್ಬಿಣವೇ ಕಾರಣ.

ಈ ಲಾಳದ ಒಳಮಗ್ಗುಲಲ್ಲಿ, ಮೂರು ಕಡೆಯೂ ಬೆಟ್ಟಗಳಿಂದ ಆವೃತವಾದ ಕಣಿವೆಯೊಂದುಂಟು. ಅದೇ ಜಾಗರದ ಕಣಿವೆ. ಕಣಿವೆಯ ನೀರೆಲ್ಲವೂ ಒಟ್ಟುಗೂಡಿ ಸೋಮವಾಹಿನಿಯೆಂಬ ಹೊಳೆಯಾಗಿ ಭದ್ರೆಗೆ ಸೇರುತ್ತದೆ. ಮೈಸೂರು ಸರ್ಕಾರವು ೧೯೫೧ರಲ್ಲಿ ಇಲ್ಲಿ ಜಾಗರ ಕಣಿವೆಯ ಮೃಗಧಾಮವನ್ನು ಏರ್ಪಡಿಸಿತು. ೧೯೭೪ರಲ್ಲಿ ಅದು ವಿಸ್ತಾರಗೊಂಡು ಭದ್ರಾ ಅಭಯಾರಣ್ಯವೆನಿಸಿತು. ೧೯೯೮ರಲ್ಲಿ ಹುಲಿಗಳ ಸಂರಕ್ಷಿತ ಪ್ರದೇಶವಾಯಿತು. ಮೇಲಿನ ಬೆಟ್ಟಗಳ ನೆತ್ತಿಯಲ್ಲಿ ಬರಿಯ ಹುಲ್ಲು, ನೆತ್ತಿಯ ಮಡಿಕೆಗಳಲ್ಲಿ ಶೋಲೆಗಳೆಂಬ ಕುಳ್ಳು ಮರಗಳ ದಟ್ಟ ಕಾಡು, ಅದರ ಕೆಳಗೆ ಕಾಫಿಯ ತೋಟಗಳು, ತಳದಲ್ಲಿ ಮಹಾರಣ್ಯ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನರು ಯೆಮನ್ ದೇಶದ ಮೋಕಾದಿಂದ ಏಳು ಕಾಫಿಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಶ್ರೋತೃಗಳು ಕೇಳಿಯೇ ಇರುತ್ತಾರೆ.

ಬಿಳೇಕಹಳ್ಳಿಯು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿ ಅದಕ್ಕಿಂತ ಒಂದು ಸಾವಿರ ಮೀಟರು ಮೇಲೆ. ಸಾವಿರ ಮೀಟರು ಏರಿದರೆ ಉಷ್ಣತೆಯು ಸುಮಾರು ಆರು ಡಿಗ್ರಿಯಷ್ಟು ಇಳಿಯುತ್ತದೆಂಬುದು ಸಾಮಾನ್ಯವಾದ ಲೆಕ್ಕ. ಹಿಮಾಲಯದ ಯಾತ್ರಿಕರನ್ನು ಕಾಡುವ ಉಸಿರುಗಟ್ಟುವಿಕೆ, ತಲೆನೋವು ಮುಂತಾದುವು ಇಲ್ಲಿ ಯಾರನ್ನೂ ಬಾಧಿಸವು. ಆದಕಾರಣ ಎಲ್ಲರೂ ಇದನ್ನು ಸುಲಭವಾದ ಪರ್ವತವೆಂದು ತಿಳಿಯುತ್ತಾರೆ. ಎತ್ತರದ ಮಟ್ಟಿಗೆ ಅದು ನಿಜ. ಋತುವಿನ ಮಟ್ಟಿಗೆ ನಿಜವಲ್ಲ. ಋತುವನ್ನು ಆರಿಸಿಕೊಳ್ಳುವ ಕೆಲಸ ಹಿಮಾಲಯಕ್ಕಿಂತ ಇಲ್ಲಿಯೇ ಕಷ್ಟವೆಂದು ನಮ್ಮ ಅಭಿಪ್ರಾಯ.

ಹೇಗೆಂದರೆ: ಹಿಮಾಲಯದಲ್ಲಿ ಋತುವನ್ನು ಆರಿಸುವವರು ನಾವಲ್ಲ, ಹಿಮ. ಸ್ಪಿತಿಯ ಕಣಿವೆಗೆ ಮನಾಲಿಯ ಕಡೆಯಿಂದ ಹೋಗಬೇಕಾದರೆ ೪,೫೦೦ ಮೀಟರಿಗೂ ಎತ್ತರವಾದ ಕುಂಜುಮ್ ಕಣಿವೆದಾರಿಯನ್ನು ದಾಟಬೇಕು. ಆ ದಾರಿ ಸಾಧಾರಣವಾಗಿ ಜೂನಿನಿಂದ ಅಕ್ಟೋಬರಿನವರೆಗೆ ಮಾತ್ರ ತೆರೆದಿರುತ್ತದೆ. ೨೦೨೦ರ ಅಕ್ಟೋಬರ್ ೩ರಂದು ರೋಹತಾಂಗದ ಕೆಳಗೆ ಒಂಬತ್ತು ಕಿಲೋಮೀಟರಿನ ಸುರಂಗವು ತೆರೆದು ಲಾಹೂಲಿಗೆ ಚಳಿಗಾಲದಲ್ಲಿಯೂ ದಾರಿಯಾಯಿತು. ಆದರೆ ಕುಂಜುಮ್ ಇನ್ನೂ ಹಿಮದ ಅಧೀನದಲ್ಲಿಯೇ ಇದೆ. ಗಢವಾಲದ ಹೂವಿನ ಕಣಿವೆಯನ್ನು ಜೂನ್ ೧ರಿಂದ ಅಕ್ಟೋಬರ್ ೩೧ರವರೆಗೆ ಬಿಟ್ಟು ಮಿಕ್ಕ ತಿಂಗಳುಗಳಲ್ಲಿ ಮುಚ್ಚಿರುತ್ತಾರೆ. ಅಲ್ಲಿ ಬಾಗಿಲಿದೆ, ಬಾಗಿಲಿಗೆ ಕಾಲನಿಯಮವಿದೆ. ಯಾತ್ರಿಕನು ವಿಚಾರಿಸಬೇಕಾದುದು ಅಲ್ಪ. ಚಂದ್ರದ್ರೋಣಕ್ಕಾದರೋ ಹಿಮದ ಬಾಗಿಲಿಲ್ಲ. ಹನ್ನೆರಡು ತಿಂಗಳೂ ಡಾಂಬರು ರಸ್ತೆಯು ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಬಾಗಿಲಿಲ್ಲದ ಮನೆಗೆ ಯಾವಾಗ ಹೋಗಬೇಕೆಂಬ ವಿವೇಚನೆಯನ್ನು ಅತಿಥಿಯೇ ಮಾಡಬೇಕು.

ಈ ವಿವೇಚನೆಯಲ್ಲಿ ನಗರವಾಸಿಗಳಾದ ನಾವು ಸಾಮಾನ್ಯವಾಗಿ ಎಡವುವುದು ಎಲ್ಲಿ? ನಮ್ಮ ಮನೆಯ ಕಿಟಕಿಯಿಂದ ಆಕಾಶವನ್ನು ನೋಡಿ ಬೆಟ್ಟದ ಹವೆಯನ್ನು ಊಹಿಸುವುದರಲ್ಲಿ. ಬಿಳೇಕಹಳ್ಳಿಯ ಕಿಟಕಿಯೂ ಮುಳ್ಳಯ್ಯನಗಿರಿಯ ನೆತ್ತಿಯೂ ಒಂದೇ ಪಂಚಾಂಗವನ್ನು ಅನುಸರಿಸುವುದಿಲ್ಲ. ಬೆಂಗಳೂರಿಗೆ ವರ್ಷದಲ್ಲಿ ಬೀಳುವ ಮಳೆ ಸರಾಸರಿ ಒಂದು ಮೀಟರಿಗೂ ಸ್ವಲ್ಪ ಕಡಮೆ. ಅದರಲ್ಲಿ ಅತ್ಯಧಿಕವಾದ ಪಾಲು ಬರುವುದು ಸೆಪ್ಟೆಂಬರಿನಲ್ಲಿ, ಅದರ ಹಿಂದೆಯೇ ಅಕ್ಟೋಬರಿನಲ್ಲಿ. ಮಲೆನಾಡಿಗೆ ಅತ್ಯಧಿಕವಾದ ಮಳೆ ಜುಲೈ ಮತ್ತು ಆಗಸ್ಟಿನಲ್ಲಿ. ನೈರುತ್ಯದ ಮಾರುತವು ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಅಪ್ಪಳಿಸಿ, ತನ್ನ ಭಾರವನ್ನೆಲ್ಲ ಪಶ್ಚಿಮದ ಮಗ್ಗುಲಲ್ಲಿಯೇ ಇಳಿಸಿ, ಬೆಂಗಳೂರಿಗೆ ಬರುವ ವೇಳೆಗೆ ಬರಿಯ ತಂಗಾಳಿಯೂ ತುಂತುರೂ ಆಗಿರುತ್ತದೆ. ಆದುದರಿಂದ ಜುಲೈ ತಿಂಗಳಿನಲ್ಲಿ ನಮಗೆ ಹವೆ ಹಿತವಾಗಿರುತ್ತದೆ, ಬೆಟ್ಟಕ್ಕೆ ಹೊರಡಲು ಮನಸ್ಸಾಗುತ್ತದೆ; ಅದೇ ದಿನ ಜಾಗರದ ಕಣಿವೆಯಲ್ಲಿ ಹಗಲೂ ರಾತ್ರಿಯೂ ಬಿಡದೆ ಸುರಿಯುತ್ತಿರುತ್ತದೆ. ಸೆಪ್ಟೆಂಬರಿನ ಕೊನೆಯಲ್ಲಿ ನಮ್ಮ ಬೀದಿಗಳಲ್ಲಿ ಗುಡುಗುಮಳೆ ಬಂದು ನೀರು ನಿಲ್ಲುತ್ತದೆ, ಇಂಥ ಮಳೆಯಲ್ಲಿ ಬೆಟ್ಟವೇ ಎಂದು ಕೈಬಿಡುತ್ತೇವೆ. ಅದೇ ಬೆಳಿಗ್ಗೆ ಅಲ್ಲಿ ಆಕಾಶ ತೊಳೆದಿಟ್ಟಂತೆ ಇರುತ್ತದೆ.

ಇದಕ್ಕೆ ೨೦೨೨ರ ಸೆಪ್ಟೆಂಬರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯು ಹೊಳೆಯಾಯಿತು. ಬೆಳ್ಳಂದೂರಿನ ಸುತ್ತಿನ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಗೆ ತರಬೇಕಾಯಿತು. ಆ ತಿಂಗಳಿನಲ್ಲಿಯೇ ಚಂದ್ರದ್ರೋಣದ ಹುಲ್ಲುಗುಡ್ಡಗಳ ಮೇಲೆ ಕುರಿಂಜಿಯು ಹೂಬಿಟ್ಟು ಇಳಿಜಾರುಗಳು ನೀಲಿಯಾದವು. ಕುರಿಂಜಿಯ ಜಾತಿಗಳು ಹಲವು. ಕೆಲವು ಏಳು ವರ್ಷಕ್ಕೊಮ್ಮೆ, ಹೆಸರುವಾಸಿಯಾದ ನೀಲಕುರಿಂಜಿಯು ಹನ್ನೆರಡು ವರ್ಷಕ್ಕೊಮ್ಮೆ ಹೂತು, ಬೀಜವಾಗಿ, ಗಿಡಕ್ಕೆ ಗಿಡವೇ ಒಣಗಿ ಹೋಗುತ್ತದೆ. ಮುನ್ನಾರಿನಲ್ಲಿ ಅದು ೨೦೦೬ರಲ್ಲಿಯೂ ೨೦೧೮ರಲ್ಲಿಯೂ ಹೂತಿತ್ತು. ತಪ್ಪಿಸಿಕೊಂಡವರು ವರ್ಷಗಟ್ಟಲೆ ಕಾಯಬೇಕಾದ ನೋಟ ಇದು. ಬೆಂಗಳೂರಿನ ಮಳೆಯನ್ನು ನೋಡಿ ಮನೆಯಲ್ಲಿ ಕುಳಿತವರು ಅದನ್ನು ತಪ್ಪಿಸಿಕೊಂಡರು.

ಹಾಗಾದರೆ ಕಾಲವನ್ನು ಗೊತ್ತುಮಾಡುವುದು ಹೇಗೆ? ಇಂಗ್ಲಿಷ್ ತಿಂಗಳುಗಳಿಗಿಂತ ನಮ್ಮ ರೈತರ ಮಳೆನಕ್ಷತ್ರಗಳೇ ಈ ಕೆಲಸಕ್ಕೆ ಯೋಗ್ಯವಾದ ಅಳತೆಗೋಲು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಮೃಗಶಿರೆಯು ಜೂನ್ ೮ರ ಸುಮಾರಿಗೆ ಹುಟ್ಟುತ್ತದೆ, ಆರಿದ್ರೆ ಜೂನ್ ೨೨ರ ಸುಮಾರಿಗೆ, ಪುನರ್ವಸು ಜುಲೈ ೬ಕ್ಕೆ, ಪುಷ್ಯ ಜುಲೈ ೨೦ಕ್ಕೆ, ಆಶ್ಲೇಷೆ ಆಗಸ್ಟ್ ೩ಕ್ಕೆ. ಮುಂದೆ ಮಘೆ, ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ನವೆಂಬರ್ ಮೊದಲ ವಾರದವರೆಗೆ ಸಾಗುತ್ತದೆ. ಮಳೆಯು ನಕ್ಷತ್ರದ ಆಜ್ಞೆಯಂತೆ ಬರುತ್ತದೆಂದು ಯಾರೂ ಹೇಳಬೇಕಾಗಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಬಿಟ್ಟು ಪಂಚಾಂಗವನ್ನೇ ನಂಬಿ ಹೊರಡಿರೆಂದೂ ನಾವು ಹೇಳುತ್ತಿಲ್ಲ. ಆದರೆ ತಿಂಗಳೆಂಬುದು ಈ ವಿಷಯದಲ್ಲಿ ತೀರ ದೊಡ್ಡ ಅಳತೆ. ಸೆಪ್ಟೆಂಬರಿನ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಬೆಟ್ಟದಲ್ಲಿ ಇರುವ ಅಂತರ ಅಗಾಧವಾದದ್ದು. ಹುಬ್ಬೆಯೆಂದೂ ಉತ್ತರೆಯೆಂದೂ ಹೆಸರಿಟ್ಟವರು ಆ ಅಂತರವನ್ನು ಬಲ್ಲವರಾಗಿದ್ದರು.

ಆರಿದ್ರೆಯಿಂದ ಆಶ್ಲೇಷೆಯವರೆಗಿನ ಎಂಟು ವಾರಗಳು ಬೆಟ್ಟದ ಸ್ವಂತ ಕಾಲ. ಆಗ ಮಲೆನಾಡಿನವರೇ ಅಗತ್ಯವಿಲ್ಲದೆ ಹೊರಗೆ ಹೊರಡುತ್ತಿರಲಿಲ್ಲ. ಕಂಬಳಿಯೂ ಗೊರಬೂ ಇದ್ದ ಕಾಲದಲ್ಲಿ ಗದ್ದೆಯ ನಾಟಿಗೆ ಹೋಗುವವರು ಹೋಗುತ್ತಿದ್ದರು, ಮಿಕ್ಕವರು ಒಲೆಯ ಮುಂದೆ ಹಲಸಿನ ಹಪ್ಪಳವನ್ನು ಸುಟ್ಟುಕೊಂಡು ಕುಳಿತಿರುತ್ತಿದ್ದರು. ಈ ದಿನಗಳಲ್ಲಿ ನೆತ್ತಿಗೆ ಹೋದವರಿಗೆ ಕಾಣುವುದು ಏನು? ಮಂಜು. ಹತ್ತು ಮಾರು ಮುಂದಿರುವ ಮನುಷ್ಯನು ಕಾಣಿಸನು. ಗಾಳಿಯ ರಭಸಕ್ಕೆ ಕೊಡೆಯು ಒಂದು ನಿಮಿಷವೂ ನಿಲ್ಲದು. ಹುಲ್ಲಿನಲ್ಲಿ ಕಾಲಿಟ್ಟರೆ ಇಂಬಳಗಳು ಹತ್ತುತ್ತವೆ. ಸುಣ್ಣವೋ ಉಪ್ಪೋ ಹೊಗೆಸೊಪ್ಪೋ ಕೈಯಲ್ಲಿಲ್ಲದವನ ಅವಸ್ಥೆಯನ್ನು ವರ್ಣಿಸಬೇಕಾಗಿಲ್ಲ. ಇಷ್ಟೇ ಆಗಿದ್ದರೆ ಅದನ್ನು ವಿನೋದವೆಂದು ಬಿಟ್ಟುಬಿಡಬಹುದಾಗಿತ್ತು. ಬೆಟ್ಟದ ರಸ್ತೆಗಳನ್ನು ಮಣ್ಣಿನ ಇಳಿಜಾರನ್ನು ಕಡಿದು ಮಾಡಿದೆ. ದಿನಗಟ್ಟಲೆ ನೀರು ಕುಡಿದ ಮಣ್ಣು ತನ್ನ ಭಾರವನ್ನು ತಾನೇ ತಾಳಲಾರದೆ ಕುಸಿಯುತ್ತದೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ ೨೦೧೯ರ ಆಗಸ್ಟಿನಲ್ಲಿ ಇದೇ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಸೀಮೆಯಲ್ಲಿಯೂ ಗುಡ್ಡಗಳು ಜಾರಿ ಮನೆ ತೋಟಗಳನ್ನು ಹೊತ್ತುಕೊಂಡು ಹೋದುವು. ಎರಡೂ ಸಂದರ್ಭಗಳು ಆಶ್ಲೇಷೆ ಮಘೆಗಳ ಅವಧಿಯಲ್ಲಿಯೇ ನಡೆದುವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಮಳೆಗಾಲದ ಹೊಸದರಲ್ಲಿ ನೆಲವು ನೀರನ್ನು ಹೀರಿಕೊಳ್ಳುತ್ತದೆ. ಎರಡು ತಿಂಗಳಾದ ಮೇಲೆ ಹೀರುವ ಶಕ್ತಿ ಉಳಿದಿರುವುದಿಲ್ಲ. ಅಪಾಯವು ಮಳೆಯ ಆರಂಭದಲ್ಲಲ್ಲ, ಅದರ ಕೊನೆಯಲ್ಲಿ ಹೆಚ್ಚು.

ಮಳೆಯನ್ನೇ ನೋಡಬೇಕೆಂಬ ಆಸೆಯುಳ್ಳವರೂ ಇರುತ್ತಾರೆ. ಆ ಆಸೆಯನ್ನು ನಾವು ಹಳಿಯುವುದಿಲ್ಲ. ಮಲೆನಾಡಿನ ಮಳೆಯನ್ನು ಒಮ್ಮೆಯೂ ಕೇಳದೆ ಇರುವುದು ಕನ್ನಡಿಗನಿಗೆ ಒಂದು ಕೊರತೆಯೇ ಸರಿ. ಅಂಥವರು ಮೃಗಶಿರೆಯ ಮೊದಲ ವಾರದಲ್ಲಿ ಹೋಗಿ, ಕೆಳಗಿನ ಯಾವುದಾದರೂ ತೋಟದ ಮನೆಯಲ್ಲಿ ಇಳಿದುಕೊಂಡು, ಜಗುಲಿಯ ಮೇಲೆ ಕುಳಿತು ಎರಡು ದಿನ ಮಳೆಯನ್ನು ಕೇಳಿ ಹಿಂದಿರುಗಲಿ. ನೆತ್ತಿಗೆ ಏರುವ, ಜಲಪಾತದ ಕೆಳಗೆ ನಿಲ್ಲುವ ಸಾಹಸಕ್ಕೆ ಹೋಗದಿರಲಿ. ತಾವು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಗಳಿಗೆಯೊಳಗೆ ಹಳ್ಳಕ್ಕೆ ಇಳಿಯುತ್ತದೆ.

ಉತ್ತರೆಯ ಮಳೆ ಸೆಪ್ಟೆಂಬರ್ ೧೩ರ ಸುಮಾರಿಗೆ ಹುಟ್ಟುತ್ತದೆ. ಇಲ್ಲಿಂದ ಮುಂದಿನ ಆರು ವಾರಗಳು, ಎಂದರೆ ಉತ್ತರೆಯ ಕೊನೆ, ಹಸ್ತ, ಚಿತ್ತೆಗಳು, ಚಂದ್ರದ್ರೋಣಕ್ಕೆ ಸರ್ವೋತ್ತಮವಾದ ಕಾಲವೆಂದು ನಮ್ಮ ನಿರ್ಣಯ. ನಿರ್ಣಯಕ್ಕೆ ಕಾರಣಗಳನ್ನು ಹೇಳಬೇಕು. ನೈರುತ್ಯದ ಮಾರುತವು ಆಗ ಹಿಂಜರಿಯುತ್ತಿರುತ್ತದೆ. ದಿನವಿಡೀ ಹಿಡಿದು ಸುರಿಯುವ ಜಡಿಮಳೆ ನಿಂತು, ಮಧ್ಯಾಹ್ನದ ಮೇಲೆ ಬಂದು ಹೋಗುವ ಗುಡುಗುಮಳೆ ತೊಡಗುತ್ತದೆ. ಬೆಳಗಿನ ಆರರಿಂದ ಹನ್ನೊಂದರವರೆಗೆ ಬಿಸಿಲೂ ಮೋಡವೂ ಕಣ್ಣುಮುಚ್ಚಾಲೆಯಾಡುತ್ತವೆ. ಮಂಜು ಇರುತ್ತದೆ, ಆದರೆ ಅದು ಕಣಿವೆಯ ತಳದಲ್ಲಿ ಹಾಲು ಹೊಯ್ದಂತೆ ಮಲಗಿರುತ್ತದೆ. ನಾವು ಅದರ ಮೇಲಿರುತ್ತೇವೆ. ಮಂಜಿನ ಒಳಗಿರುವುದಕ್ಕೂ ಮಂಜಿನ ಮೇಲಿರುವುದಕ್ಕೂ ಎಷ್ಟು ವ್ಯತ್ಯಾಸವೆಂಬುದನ್ನು ಎರಡನ್ನೂ ಕಂಡವರೇ ಬಲ್ಲರು. ನೂರು ದಿನ ನೀರು ಕುಡಿದ ಹುಲ್ಲು ಮೊಣಕಾಲೆತ್ತರ ಬೆಳೆದು, ಗಾಳಿ ಬೀಸಿದಾಗ ಗುಡ್ಡಕ್ಕೆ ಗುಡ್ಡವೇ ಅಲೆಯಾಡುತ್ತದೆ. ಹೆಬ್ಬೆಯ ಅಬ್ಬಿಯೂ ಕಲ್ಹತ್ತಿಯ ಅಬ್ಬಿಯೂ ತುಂಬಿರುತ್ತವೆ, ಆದರೆ ಕೆಸರಿನ ಕೆಂಪು ಇಳಿದು ನೀರು ತಿಳಿಯಾಗಿರುತ್ತದೆ. ಕಾಫಿಯ ಕಾಯಿ ಇನ್ನೂ ಹಸುರು. ತೋಟದವರಿಗೆ ಸ್ವಲ್ಪ ಬಿಡುವು. ಅತಿಥಿಯೊಡನೆ ಕುಳಿತು ಮಾತನಾಡುವಷ್ಟು ಸಮಾಧಾನವಿರುತ್ತದೆ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಈ ಕಾಲದ ಮಧ್ಯಾಹ್ನದ ಮೋಡಗಳು ಸಿಡಿಲಿನ ಮೋಡಗಳು. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ದೇವಸ್ಥಾನವೊಂದನ್ನು ಬಿಟ್ಟರೆ ಮರವಿಲ್ಲ, ಮರೆಯಿಲ್ಲ. ಬೋಳುಗುಡ್ಡದ ಮೇಲೆ ನಿಂತ ಮನುಷ್ಯನೇ ಅಲ್ಲಿ ಎಲ್ಲಕ್ಕಿಂತ ಎತ್ತರವಾದ ವಸ್ತುವಾಗುತ್ತಾನೆ. ಬೆಳಕು ಹರಿಯುವಾಗ ಏರಿ ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿರಬೇಕು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಕೈಮರವನ್ನು ಮುಟ್ಟಿ, ಸಂಜೆ ನೆತ್ತಿಗೆ ಹೋಗುವ ರೂಢಿಯು ಈ ಋತುವಿಗೆ ತೀರ ವಿರುದ್ಧವಾದದ್ದು.

ಸ್ವಾತಿಯ ಹತ್ತಿರಕ್ಕೆ ದೀಪಾವಳಿ ಬರುತ್ತದೆ. ಬೆಟ್ಟದ ಪೂರ್ವದ ಮಗ್ಗುಲಲ್ಲಿ ಮಲ್ಲೇನಹಳ್ಳಿಯ ಬಳಿ ಬಿಂಡಿಗದ ದೇವೀರಮ್ಮನ ಗುಡ್ಡವಿದೆ, ಗೋಪುರದಂತೆ ಚೂಪಾದದ್ದು. ಗುಡ್ಡದ ಮೇಲಿನ ದೇವಿಯ ದರ್ಶನವಾಗುವುದು ವರ್ಷಕ್ಕೆ ಈ ಹಬ್ಬದಲ್ಲಿ ಮಾತ್ರ. ನರಕಚತುರ್ದಶಿಗೆ ಸಹಸ್ರಾರು ಜನರು ರಾತ್ರಿಯಲ್ಲಿಯೇ ಬರಿಗಾಲಿನಲ್ಲಿ ಏರುತ್ತಾರೆ. ಯಾವ ಕಾಲದಲ್ಲಿ ಏರಬೇಕೆಂಬುದನ್ನು ಇಲ್ಲಿ ದೇವಿಯೇ ಗೊತ್ತುಮಾಡಿಬಿಟ್ಟಿದ್ದಾಳೆ. ಆರಿಸಿದ ಕಾಲವೂ ಎಂಥದು ನೋಡಿರಿ: ಮಳೆ ಮುಗಿದಿದೆ, ಚಳಿ ಬಲಿತಿಲ್ಲ, ಹುಲ್ಲು ಹಸುರಾಗಿದೆ, ಬೆಂಕಿಯ ಭಯವಿಲ್ಲ. ಈ ಪದ್ಧತಿಯನ್ನು ಏರ್ಪಡಿಸಿದ ಹಿರಿಯರಿಗೆ ಗುಡ್ಡದ ಸ್ವಭಾವವು ಚೆನ್ನಾಗಿ ಗೊತ್ತಿದ್ದಿರಬೇಕೆಂದು ನಮಗೆ ತೋರುತ್ತದೆ. ಆದರೆ ಆ ಎರಡು ಮೂರು ದಿನ ಜನಸಂದಣಿ ಅಪಾರ; ಭಕ್ತಿಯಿಂದ ಬರುವವರಿಗೆ ದಾರಿಯನ್ನು ಬಿಟ್ಟುಕೊಟ್ಟು, ನೋಟಕ್ಕೆಂದು ಬರುವವರು ಬೇರೆ ವಾರವನ್ನು ಆರಿಸಿಕೊಳ್ಳುವುದು ಮರ್ಯಾದೆ.

ಚಳಿಗಾಲದ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. ಡಿಸೆಂಬರು ಜನವರಿಗಳಲ್ಲಿ ಆಕಾಶವು ಬಹು ನಿರ್ಮಲ, ದೂರದ ನೋಟಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವವರಿಗೆ ಇದೇ ಸುಖವಾದ ಋತು. ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅರೇಬಿಕಾ ಕಾಫಿಯ ಕುಯ್ಲು ನಡೆಯುತ್ತಿರುತ್ತದೆ. ಕಣಗಳಲ್ಲಿ ಹಣ್ಣು ಹರಡಿರುತ್ತದೆ. ಹಣ್ಣಿನ ಮೂಟೆಗಳನ್ನು ಹೊತ್ತ ಗಾಡಿಗಳು ಕಿರಿದಾದ ದಾರಿಗಳಲ್ಲಿ ಓಡಾಡುತ್ತಿರುತ್ತವೆ. ಮಾರ್ಗಶಿರದ ಹುಣ್ಣಿಮೆಗೆ ದತ್ತಜಯಂತಿ. ಆ ಸಮಯದಲ್ಲಿ ಕೆಲವು ದಿನ ಮೇಲಿನ ರಸ್ತೆಗೆ ಪ್ರವಾಸಿಗಳನ್ನು ಬಿಡದಿರುವುದೂ ಉಂಟು, ಮೊದಲೇ ವಿಚಾರಿಸಿಕೊಳ್ಳಬೇಕು. ಡಿಸೆಂಬರಿನ ಕೊನೆಯ ವಾರವನ್ನು ಮಾತ್ರ ಯಾರಿಗೂ ಶಿಫಾರಸು ಮಾಡಲಾರೆವು. ಆ ವಾರ ಬೆಟ್ಟದ ಮೇಲೆ ಕಾಣುವುದು ಬೆಂಗಳೂರೇ. ಅದನ್ನು ನೋಡುವುದಕ್ಕೆ ಇನ್ನೂರೈವತ್ತು ಕಿಲೋಮೀಟರು ಹೋಗಬೇಕಾಗಿಲ್ಲ.

ಫೆಬ್ರವರಿಯ ನಡುವಿನಿಂದ ಹುಲ್ಲು ಒಣಗಿ ಸೊರಗುತ್ತದೆ. ಆಗ ಒಂದು ಬೀಡಿಯ ಕಿಡಿಯು ಗುಡ್ಡವನ್ನೇ ಸುಡಬಲ್ಲದು, ಸುಟ್ಟಿರುವುದೂ ಉಂಟು. ಅರಣ್ಯ ಇಲಾಖೆಯವರು ಬೇಸಗೆಯಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದು ಈ ಕಾರಣದಿಂದಲೇ. ಅದನ್ನು ಕಿರುಕುಳವೆಂದು ಭಾವಿಸುವುದು ಅವಿವೇಕ. ಆದರೆ ಈ ಒಣಗಾಲದ ನಡುವೆಯೇ ಒಂದು ಚಿಕ್ಕ ಸುಮುಹೂರ್ತ ಅಡಗಿದೆ. ಬಹುಮಂದಿ ನಗರವಾಸಿಗಳಿಗೆ ಅದು ಗೊತ್ತಿಲ್ಲ. ಮಾರ್ಚಿಯಲ್ಲಿಯೋ ಏಪ್ರಿಲಿನ ಆರಂಭದಲ್ಲಿಯೋ ಒಂದು ಸಂಜೆ ಗುಡುಗಿ ಒಂದಂಗುಲದಷ್ಟು ಮಳೆ ಬೀಳುತ್ತದೆ. ತೋಟಗಾರರು ಅದನ್ನು ಹೂಮಳೆಯೆನ್ನುತ್ತಾರೆ. ಅವರ ವರ್ಷದ ಅದೃಷ್ಟವೇ ಆ ಒಂದು ಮಳೆಯ ಮೇಲೆ ನಿಂತಿದೆ. ಅದು ಬಾರದಿದ್ದರೆ ಮೊಗ್ಗು ಅರಳದು, ಹೂವರಳುವ ದಿನವೇ ಜೋರಾಗಿ ಬಂದರೆ ಹೂ ಕೆಡುತ್ತದೆ, ಕೆಲವು ವಾರಗಳ ಅನಂತರ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ನಿಲ್ಲದು. ಹೂಮಳೆಯಾದ ಎಂಟು ಹತ್ತು ದಿನಕ್ಕೆ ಕಾಫಿಯ ತೋಟವೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ರೆಂಬೆಯ ಗೆಣ್ಣುಗೆಣ್ಣಿಗೂ ಮಲ್ಲಿಗೆಯಂಥ ಹೂಗೊಂಚಲು, ಮಲ್ಲಿಗೆಯಂಥದೇ ಪರಿಮಳ, ಜೇನುಹುಳುಗಳ ಮೊರೆತ. ಎರಡು ಮೂರು ದಿನಗಳಲ್ಲಿ ಎಲ್ಲವೂ ಮುಗಿದು ಹೂ ಕಂದಿಹೋಗುತ್ತದೆ. ಈ ದಿನವನ್ನು ಯಾವ ಪ್ರವಾಸಪುಸ್ತಕವೂ ಮೊದಲೇ ಹೇಳಲಾರದು. ಮಾಡಬೇಕಾದುದು ಇಷ್ಟೆ: ಆ ಸೀಮೆಯಲ್ಲಿ ಪರಿಚಯದವರು ಇದ್ದರೆ ಮಳೆಯಾದ ದಿನ ತಿಳಿಸುವಂತೆ ಹೇಳಿಟ್ಟಿರುವುದು, ಸುದ್ದಿ ಬಂದೊಡನೆ ಎಂಟು ದಿನವನ್ನು ಎಣಿಸಿ ಹೊರಡುವುದು. ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರವು ೧೯೨೫ರಿಂದ ನಡೆಯುತ್ತಿದೆ. ಅಲ್ಲಿನ ಶಾಸ್ತ್ರಜ್ಞರೂ ಇದೇ ಮಳೆಯ ದಾರಿಯನ್ನು ಕಾಯುವವರು.

ಏಪ್ರಿಲು ಮೇ ತಿಂಗಳುಗಳಲ್ಲಿ ಮಕ್ಕಳಿಗೆ ರಜ. ಆದುದರಿಂದ ಅತ್ಯಧಿಕ ಜನರು ಹೋಗುವುದು ಆಗಲೇ. ಬಿಳೇಕಹಳ್ಳಿಯ ಸೆಕೆಗೆ ಬೇಸತ್ತವರಿಗೆ ಬೆಟ್ಟದ ತಂಪು ಅಪ್ಯಾಯಮಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ನೋಟವು ಆಗ ದೀನವಾಗಿರುತ್ತದೆ. ದೂಳಿನ ಮಬ್ಬು ದಿಗಂತವನ್ನು ಮುಚ್ಚಿರುತ್ತದೆ, ಹುಲ್ಲು ಕಂದಾಗಿರುತ್ತದೆ, ಅಬ್ಬಿಗಳು ದಾರದಂತಾಗಿರುತ್ತವೆ. ಮೇಲಿನ ಹಳ್ಳಿಗಳಲ್ಲಿ ಕುಡಿಯುವ ನೀರಿಗೇ ಕಷ್ಟ. ಬೆಟ್ಟದಲ್ಲಿ ನೀರು ಅತ್ಯಲ್ಪವಾಗಿರುವ ತಿಂಗಳಿನಲ್ಲಿ ನಾವು ಸಾವಿರಗಟ್ಟಲೆ ಹೋಗಿ ನೀರನ್ನು ಕೇಳುತ್ತೇವೆ. ರಜದ ಕಟ್ಟುಪಾಡು ತಪ್ಪಿಸಲಾಗದ ಗೃಹಸ್ಥರು ದಸರೆಯ ರಜವನ್ನು ಏಕೆ ಉಪಯೋಗಿಸಿಕೊಳ್ಳಬಾರದು? ದಸರೆಯು ಬೀಳುವುದು ಹಸ್ತ ಚಿತ್ತೆಗಳ ಸುಮಾರಿಗೆ. ನಾವು ಸರ್ವೋತ್ತಮವೆಂದ ಕಾಲವೇ ಅದು. ಮೈಸೂರಿಗೆ ಹೋಗುವ ಸಂದಣಿಯೂ ಬೆಟ್ಟದಿಂದ ಸ್ವಲ್ಪ ಭಾರವನ್ನು ಇಳಿಸಿರುತ್ತದೆ.

ವಾರದ ದಿನವನ್ನು ಕುರಿತು ಒಂದು ಮಾತು. ಋತುವನ್ನು ಎಷ್ಟು ಜಾಣತನದಿಂದ ಆರಿಸಿದರೂ ಶನಿವಾರ ಹೋದರೆ ಬಹುಪಾಲು ವ್ಯರ್ಥ. ಕೈಮರದಿಂದ ಮೇಲಕ್ಕೆ ಹೋಗುವ ರಸ್ತೆ ಎರಡು ಗಾಡಿಗಳು ಕಷ್ಟದಿಂದ ಹಾಯುವಷ್ಟೇ ಅಗಲ. ಅದರ ಮೇಲೆ ನೂರಾರು ಮೋಟಾರುಗಳು ಸಾಲುಗಟ್ಟಿ ನಿಂತರೆ ನಷ್ಟ ನಮ್ಮ ವಿನೋದಕ್ಕೆ ಮಾತ್ರವಲ್ಲ. ಆ ರಸ್ತೆಯ ಪಕ್ಕದಲ್ಲಿ ಜನರು ವಾಸವಾಗಿದ್ದಾರೆ. ತೋಟದ ಕೂಲಿಯ ಹೆಂಡತಿಗೆ ಹೆರಿಗೆಯ ನೋವು ಬಂದರೆ, ಮುದುಕನಿಗೆ ಎದೆನೋವು ಬಂದರೆ, ಚಿಕ್ಕಮಗಳೂರಿನ ಆಸ್ಪತ್ರೆಗೆ ಇಳಿಯಲು ಅವರಿಗಿರುವುದು ಅದೊಂದೇ ದಾರಿ. ಋತುವನ್ನೂ ದಿನವನ್ನೂ ಆರಿಸುವ ಈ ವಿಚಾರವನ್ನು ನಾವು ಹವೆಯ ಚರ್ಚೆಯೆಂದಷ್ಟೇ ಎಣಿಸದಿರುವುದಕ್ಕೆ ಇದೂ ಒಂದು ಕಾರಣ. ಈಚೆಗೆ ಜಿಲ್ಲಾಡಳಿತವು ಮೇಲಿನ ರಸ್ತೆಯ ವಾಹನಗಳಿಗೆ ಮಿತಿಯನ್ನು ಹಾಕಿ ಮುಂಚಿತವಾಗಿ ಹೆಸರನ್ನು ನೋಂದಾಯಿಸುವ ಕ್ರಮವನ್ನು ತಂದಿದೆ. ಇಂಥ ನಿಯಮಗಳು ಕಾಲಕಾಲಕ್ಕೆ ಬದಲಾಗತಕ್ಕವು. ಹೊರಡುವ ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡತಕ್ಕದ್ದು. ಕೆಲಸದ ವಾರದಲ್ಲಿ ಎರಡು ದಿನ ರಜ ಪಡೆಯಬಲ್ಲವರು ಮಂಗಳವಾರ ಬುಧವಾರಗಳನ್ನು ಆರಿಸಿಕೊಳ್ಳಲಿ.

ಕೊನೆಯದಾಗಿ ದಾರಿಯ ವಿಚಾರ. ಬಿಳೇಕಹಳ್ಳಿಯವರು ನಗರದ ನಡುವೆ ಹಾಯದೆ ಬನ್ನೇರುಘಟ್ಟ ರಸ್ತೆಯಿಂದ ಹೊರಸುತ್ತಿನ ರಸ್ತೆಯನ್ನು ಹಿಡಿದು ನೆಲಮಂಗಲವನ್ನು ಸೇರಬಹುದು. ಅಲ್ಲಿಂದ ಕುಣಿಗಲು, ಚನ್ನರಾಯಪಟ್ಟಣ, ಹಾಸನ, ಬೇಲೂರುಗಳ ಮಾರ್ಗ. ಮೋಟಾರಿನ ಆಯಾಸ ಬೇಡದವರಿಗೆ ರೈಲುಂಟು. ಕಡೂರಿನಿಂದ ಚಿಕ್ಕಮಗಳೂರಿಗೆ ೨೦೧೩ರಲ್ಲಿ ಹಳಿ ತೆರೆಯಿತು. ಹೋಗುವಾಗ ಬೇಲೂರಿನ ದಾರಿಯಲ್ಲಿ ಹೋದವರು ಹಿಂದಿರುಗುವಾಗ ಸಖರಾಯಪಟ್ಟಣದ ದಾರಿಯಲ್ಲಿ ಬರಬೇಕೆಂದು ನಮ್ಮ ಸಲಹೆ. ಶಕುನಗಿರಿಯ ಅಡಿಯಲ್ಲಿ ಅಯ್ಯನಕೆರೆಯಿದೆ. ಚಂದ್ರದ್ರೋಣದ ಪೂರ್ವದ ಮಗ್ಗುಲಿನಿಂದ ಇಳಿಯುವ ವೇದಾ ಎಂಬ ಹೊಳೆ ಆ ಕೆರೆಯನ್ನು ತುಂಬಿ ಮುಂದೆ ಹರಿದು, ಮದಗದ ಕೆರೆಯ ಕಡೆಯಿಂದ ಬರುವ ಅವತಿಯನ್ನು ಕೂಡಿಕೊಂಡು ವೇದಾವತಿಯಾಗುತ್ತದೆ. ಹಿರಿಯೂರಿನ ಬಳಿ ವಾಣಿವಿಲಾಸಸಾಗರಕ್ಕೆ ಸೇರುತ್ತದೆ. ೧೯೩೩ರಲ್ಲಿ ಕೋಡಿಬಿದ್ದಿದ್ದ ಆ ಸಾಗರವು ಮತ್ತೆ ಕೋಡಿಬಿದ್ದುದು ಎಂಬತ್ತೊಂಬತ್ತು ವರ್ಷಗಳ ಅನಂತರ, ಕುರಿಂಜಿ ಹೂತ ಆ ೨೦೨೨ರಲ್ಲಿಯೇ. ಭದ್ರೆಯಿಂದ ಹಾಯಿಸಿದ ನೀರಿನ ನೆರವೂ ಅದಕ್ಕಿತ್ತು. ಒಳ್ಳೆಯ ಮಳೆಯಾದ ವರ್ಷದಲ್ಲಿ ಚಿತ್ತೆಯ ಹೊತ್ತಿಗೆ ಅಯ್ಯನಕೆರೆಯು ಅಂಚಿನವರೆಗೆ ತುಂಬಿರುತ್ತದೆ. ಮಧ್ಯಾಹ್ನದ ಗುಡುಗು ತೊಡಗುವ ಮುನ್ನ ಬೆಟ್ಟದಿಂದ ಇಳಿದವರಿಗೆ ಏರಿಯ ಮೇಲೆ ಒಂದು ಗಂಟೆ ಕುಳಿತುಕೊಳ್ಳಲು ಸಾವಕಾಶವಿರುತ್ತದೆ. ಅಲ್ಲಿಂದ ಹಿಂದಿರುಗಿ ನೋಡಿದರೆ ಬೆಳಿಗ್ಗ ತಾವು ನಿಂತಿದ್ದ ನೆತ್ತಿಯ ಮೇಲೆ ಮೋಡ ಕವಿಯುತ್ತಿರುವುದು ಕಾಣುತ್ತದೆ. ಕಡೂರು ಅಲ್ಲಿಂದ ದೂರವೇನೂ ಅಲ್ಲ, ರೈಲಿಗೆ ಹೋಗುವವರು ಆತುರಪಡಬೇಕಾಗಿಲ್ಲ.